ಡಬ್ಲ್ಯುಎಲ್‌ಎಂ: ಒಂಟಿ ಗೆಲಾಕ್ಸಿಯೊಂದರ ಎಳೆಯ ಬೆಳಕು, ಹಳೆಯ ಬೆಳಕು

ಕಾರ್ತಿಕ ಮಾಸದಲ್ಲಿ ರಾತ್ರಿ ಎಂಟರ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಹೊಳೆಯುವ ನಕ್ಷತ್ರಗಳು ವಿರಳವಾಗಿರುವ ಆಕಾಶದ ಭಾಗದಲ್ಲಿ ಡಿಫ್ಡಾ ಎಂಬ ನಕ್ಷತ್ರ ಒಂಟಿಯಾಗಿ ಕಾಣುತ್ತದೆ. ತಿಮಿಂಗಿಲ ನಕ್ಷತ್ರಪುಂಜಕ್ಕೆ ಸೇರಿದ ಈ ನಕ್ಷತ್ರದಿಂದ ಪಶ್ಚಿಮಕ್ಕೆ, ಚಾಚಿದ ತೋಳಿನ ಮುಷ್ಟಿಯಷ್ಟು ಅಂತರದಲ್ಲಿ, ಬರಿಗಣ್ಣಿಗೆ ಏನೂ ಇಲ್ಲ. ಹವ್ಯಾಸಿಗಳ ದೊಡ್ಡ ದೂರದರ್ಶಕದಲ್ಲಿಯೂ, ಊರ ದೀಪಗಳಿಂದ ದೂರ ಹೋದರೆ ಮಾತ್ರ, ಅಲ್ಲೊಂದು ಮಸುಕಾದ ಉದ್ದನೆಯ ಪಟ್ಟಿ ಇದ್ದಂತೆ ತೋರುತ್ತದೆ. ಮೂವತ್ತು ಲಕ್ಷ ಜ್ಯೋತಿರ್ವರ್ಷಗಳಿಗೂ ತುಸು ಹೆಚ್ಚು ದೂರದಲ್ಲಿರುವ ಆ ಪಟ್ಟಿಯೇ ಡಬ್ಲ್ಯುಎಲ್‌ಎಂ ಗೆಲಾಕ್ಸಿ.

ಹೆಸರಿನ ಮೂರು ಅಕ್ಷರಗಳು ಮೂವರು ಖಗೋಳಜ್ಞರವು. ಜರ್ಮನಿಯ ಮ್ಯಾಕ್ಸ್ ವೋಲ್ಫ್ 1909ರಲ್ಲಿ ಇದನ್ನು ಮೊದಲು ಗುರುತಿಸಿದರು. ಅದು ಗೆಲಾಕ್ಸಿಯೆಂಬುದನ್ನು 1926ರಲ್ಲಿ ಸ್ವೀಡನ್ನಿನ ಕ್ನುಟ್ ಲುಂಡ್‌ಮಾರ್ಕ್ ಮತ್ತು ಇಂಗ್ಲೆಂಡಿನ ಫಿಲಿಬರ್ಟ್ ಮೆಲಾಟ್ ವಿವರಿಸಿದರು. ವೋಲ್ಫ್–ಲುಂಡ್‌ಮಾರ್ಕ್–ಮೆಲಾಟ್ ಎಂದು ಪ್ರತಿಸಲ ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇಲ್ಲದ ಕಾರಣ ಡಬ್ಲ್ಯುಎಲ್‌ಎಂ ಎಂಬ ಚುಟುಕು ಹೆಸರೇ ಉಳಿದುಕೊಂಡಿದೆ.

ಖಗೋಳಜ್ಞರು ಇದನ್ನು ಅನಿಯತಾಕಾರದ ಕುಬ್ಜ ಗೆಲಾಕ್ಸಿಗಳ ಸಾಲಿಗೆ ಸೇರಿಸುತ್ತಾರೆ. ಕುಬ್ಜ ಎನ್ನಲು ಕಾರಣ ಸರಳ: ಇದರಲ್ಲಿರುವ ನಕ್ಷತ್ರಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಸುಮಾರು ನಾಲ್ಕು ಕೋಟಿ ಸೂರ್ಯರಷ್ಟು ದ್ರವ್ಯರಾಶಿ ಬರುತ್ತದೆ, ಅಂದರೆ ನಮ್ಮ ಕ್ಷೀರಪಥದ ಸಾವಿರದಲ್ಲೊಂದು ಪಾಲಿನಷ್ಟು. ಕ್ಷೀರಪಥಕ್ಕಿರುವ ಸುರುಳಿ ತೋಳುಗಳಾಗಲಿ, ನಡುವೆ ಉಬ್ಬಿದ ಹಳದಿ ಗುಡ್ಡೆಯಾಗಲಿ ಇದಕ್ಕಿಲ್ಲ. ನಕ್ಷತ್ರಗಳು ಅಲ್ಲಲ್ಲಿ ಗುಂಪುಗೂಡಿ, ಅಲ್ಲಲ್ಲಿ ಚದುರಿ, ನೋಡುವವರಿಗೆ ಯಾವ ವಿನ್ಯಾಸವೂ ಕಾಣದಂತೆ ಹರಡಿವೆ. ಅನಿಯತ ಎಂಬ ಮಾತಿನ ಅರ್ಥ ಇಷ್ಟೇ. ಅದು ಅವ್ಯವಸ್ಥಿತವೆಂದು ಇದರರ್ಥವಲ್ಲ. ಅದರ ಅನಿಲವು ಒಂದು ಕೇಂದ್ರದ ಸುತ್ತ ಕ್ರಮವಾಗಿಯೇ ತಿರುಗುತ್ತಿದೆ.

ಇಷ್ಟು ಚಿಕ್ಕ, ಇಷ್ಟು ಮಸುಕಾದ ವಸ್ತುವಿನ ಮೇಲೆ ದುಬಾರಿ ಬಾಹ್ಯಾಕಾಶ ದೂರದರ್ಶಕಗಳ ಅಮೂಲ್ಯ ಗಂಟೆಗಳನ್ನು ಏಕೆ ವ್ಯಯಿಸಬೇಕು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಮೊದಲನೆಯದು ಅದರ ಏಕಾಂತ. ಕ್ಷೀರಪಥ, ಆಂಡ್ರೊಮಿಡಾ ಮತ್ತು ಅವುಗಳ ಸುತ್ತಲಿನ ಹತ್ತಾರು ಚಿಕ್ಕ ಗೆಲಾಕ್ಸಿಗಳು ಸೇರಿದ ನಮ್ಮ ಸ್ಥಳೀಯ ಗುಂಪಿನ ಅಂಚಿನಲ್ಲಿ ಡಬ್ಲ್ಯುಎಲ್‌ಎಂ ಇದೆ. ದೊಡ್ಡ ಗೆಲಾಕ್ಸಿಗಳ ಪಕ್ಕದಲ್ಲಿರುವ ಕುಬ್ಜಗಳು ಅವುಗಳ ಗುರುತ್ವಕ್ಕೆ ಸಿಕ್ಕಿ ಎಳೆದಾಡಿಸಿಕೊಂಡಿರುತ್ತವೆ, ತಮ್ಮ ಅನಿಲವನ್ನು ಕಳೆದುಕೊಂಡಿರುತ್ತವೆ. ಅವುಗಳಲ್ಲಿ ಕಾಣುವುದರಲ್ಲಿ ಸ್ವಂತದ್ದು ಯಾವುದು, ನೆರೆಯವರು ಮಾಡಿದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಡಬ್ಲ್ಯುಎಲ್‌ಎಂ ವಿಷಯದಲ್ಲಿ ಆ ತೊಡಕು ಬಹಳ ಕಡಿಮೆ.

ಎರಡನೆಯದು ಅದರ ಬಡತನ. ಜಲಜನಕ ಮತ್ತು ಹೀಲಿಯಂ ಬಿಟ್ಟು ಉಳಿದ ಎಲ್ಲ ಧಾತುಗಳನ್ನೂ ಖಗೋಳಜ್ಞರು ‘ಲೋಹ’ ಎನ್ನುತ್ತಾರೆ. ಆಮ್ಲಜನಕವನ್ನೂ ಇಂಗಾಲವನ್ನೂ ಲೋಹವೆನ್ನುವ ಈ ಪದ್ಧತಿ ರಸಾಯನಶಾಸ್ತ್ರದ ಮೇಷ್ಟರಿಗೆ ಸಿಟ್ಟು ತರಿಸುವಂಥದ್ದು, ಆದರೆ ಬಳಕೆ ಗಟ್ಟಿಯಾಗಿ ಬೇರೂರಿಬಿಟ್ಟಿದೆ. ಈ ಧಾತುಗಳು ಹುಟ್ಟುವುದು ನಕ್ಷತ್ರಗಳ ಒಡಲಿನಲ್ಲಿ ಮತ್ತು ಅವುಗಳ ಸಾವಿನ ಸ್ಫೋಟದಲ್ಲಿ. ಆದ್ದರಿಂದ ಎಷ್ಟು ತಲೆಮಾರುಗಳ ನಕ್ಷತ್ರಗಳು ಬಾಳಿ ಅಳಿದಿವೆಯೋ ಅಷ್ಟು ಲೋಹ ಅನಿಲದಲ್ಲಿ ಬೆರೆತಿರುತ್ತದೆ. ಡಬ್ಲ್ಯುಎಲ್‌ಎಂ ಅನಿಲದಲ್ಲಿರುವ ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ಸುಮಾರು ಶೇಕಡಾ 13ರಷ್ಟು ಮಾತ್ರ. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ಇದ್ದ ಅನಿಲವೂ ಹೀಗೆಯೇ ಲೋಹಬಡವಾಗಿತ್ತು. ಅಂಥ ಅನಿಲದಲ್ಲಿ ನಕ್ಷತ್ರಗಳು ಹೇಗೆ ಹುಟ್ಟುತ್ತಿದ್ದವು ಎಂಬುದನ್ನು ಸಾವಿರಾರು ಪಟ್ಟು ದೂರದ ಪುರಾತನ ಗೆಲಾಕ್ಸಿಗಳಲ್ಲಿ ಬಿಡಿಬಿಡಿಯಾಗಿ ನೋಡಲಾಗುವುದಿಲ್ಲ. ಇಲ್ಲಿ, ನಮ್ಮ ನೆರೆಯಲ್ಲೇ, ಒಂದೊಂದು ನಕ್ಷತ್ರವನ್ನೂ ಬೇರೆಬೇರೆಯಾಗಿ ನೋಡಬಹುದು.

ನೋಡುವುದಾದರೆ ಯಾವ ಬೆಳಕಿನಲ್ಲಿ ನೋಡಬೇಕು? ಉತ್ತರವು ಯಾವ ವಯಸ್ಸಿನ ನಕ್ಷತ್ರಗಳನ್ನು ನೋಡಬೇಕೆಂಬುದರ ಮೇಲೆ ನಿಂತಿದೆ. ಕುಲುಮೆಯಲ್ಲಿ ಕಬ್ಬಿಣ ಕಾದಂತೆಲ್ಲ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗುವುದನ್ನು ಕಂಡವರಿಗೆ ಇದರ ಅರ್ಧ ಗೊತ್ತೇ ಇದೆ: ವಸ್ತು ಬಿಸಿಯಾದಷ್ಟೂ ಅದು ಹೆಚ್ಚಾಗಿ ಹೊರಸೂಸುವ ಬೆಳಕಿನ ತರಂಗಾಂತರ ಚಿಕ್ಕದಾಗುತ್ತದೆ. ಸುಮಾರು 5,800 ಕೆಲ್ವಿನ್ ಬಿಸಿಯ ಮೇಲ್ಮೈ ಇರುವ ಸೂರ್ಯನ ಬೆಳಕು 500 ನ್ಯಾನೋಮೀಟರ್ ಆಸುಪಾಸಿನಲ್ಲಿ ಗರಿಷ್ಠವಾಗಿರುತ್ತದೆ, ಅದು ಕಣ್ಣಿಗೆ ಕಾಣುವ ಬೆಳಕು. 17,500 ಕೆಲ್ವಿನ್ ಬಿಸಿಯ ನಕ್ಷತ್ರದ ಬೆಳಕು 166 ನ್ಯಾನೋಮೀಟರ್ ಬಳಿ ಗರಿಷ್ಠವಾಗುತ್ತದೆ, ಅದು ಕಣ್ಣಿಗೆ ಕಾಣದ ಅತಿನೇರಳೆ. 3,500 ಕೆಲ್ವಿನ್‌ನ ತಣ್ಣನೆಯ ನಕ್ಷತ್ರದ್ದು 830 ನ್ಯಾನೋಮೀಟರ್ ಬಳಿ ಇರುತ್ತದೆ, ಅದು ಕಣ್ಣಿಗೆ ಕಾಣದ ಅವಕೆಂಪು.

ಉಳಿದ ಅರ್ಧ ನಕ್ಷತ್ರಗಳ ಆಯುಷ್ಯಕ್ಕೆ ಸಂಬಂಧಿಸಿದ್ದು. ದ್ರವ್ಯರಾಶಿ ಹೆಚ್ಚಿರುವ ನಕ್ಷತ್ರಗಳು ಅತ್ಯಂತ ಬಿಸಿಯಾಗಿರುತ್ತವೆ, ಆದರೆ ತಮ್ಮ ಇಂಧನವನ್ನು ದುಂದುಗಾರರಂತೆ ಉರಿಸಿ ಕೆಲವೇ ದಶಲಕ್ಷ ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ಕೋಟಿ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಸೂರ್ಯನಂಥದ್ದು ಸಾವಿರ ಕೋಟಿ ವರ್ಷ ಬಾಳುತ್ತದೆ. ಸೂರ್ಯನಿಗಿಂತ ಚಿಕ್ಕವು ವಿಶ್ವದ ಈಗಿನ ವಯಸ್ಸಾದ 1,380 ಕೋಟಿ ವರ್ಷಗಳಿಗಿಂತಲೂ ಹೆಚ್ಚು ಕಾಲ ಮಿನುಗುತ್ತಲೇ ಇರಬಲ್ಲವು. ಆದುದರಿಂದ ಅತಿನೇರಳೆಯಲ್ಲಿ ಒಂದು ಗೆಲಾಕ್ಸಿಯನ್ನು ನೋಡಿದರೆ ಅಲ್ಲಿ ಇತ್ತೀಚೆಗೆ, ಸುಮಾರಾಗಿ ಕಳೆದ ಹತ್ತಿಪ್ಪತ್ತು ಕೋಟಿ ವರ್ಷಗಳ ಒಳಗೆ, ಹುಟ್ಟಿದ ನಕ್ಷತ್ರಗಳು ಮಾತ್ರ ಎದ್ದು ಕಾಣುತ್ತವೆ. ಅವಕೆಂಪಿನಲ್ಲಿ ನೋಡಿದರೆ ಹುಟ್ಟಿನಿಂದಲೂ ಬದುಕಿ ಉಳಿದಿರುವ ಮುದಿ ನಕ್ಷತ್ರಗಳ ಜನಗಣತಿ ಸಿಗುತ್ತದೆ. ಡಬ್ಲ್ಯುಎಲ್‌ಎಂ ಅನ್ನು ಈ ಎರಡೂ ಬಗೆಯಲ್ಲಿ ನೋಡಲಾಗಿದೆ. ಮೊದಲನೆಯದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು.

ಚಿಕ್ಕ ತರಂಗಗಳ ಅತಿನೇರಳೆ ಬೆಳಕು ನೆಲಕ್ಕೆ ತಲುಪುವುದಿಲ್ಲ. ಮುನ್ನೂರು ನ್ಯಾನೋಮೀಟರ್‌ಗಿಂತ ಚಿಕ್ಕ ತರಂಗಗಳನ್ನು ವಾಯುಮಂಡಲದ ಓಝೋನ್ ಹೀರಿಕೊಳ್ಳುತ್ತದೆ, ಇನ್ನೂ ಚಿಕ್ಕವನ್ನು ಆಮ್ಲಜನಕವೇ ತಡೆಯುತ್ತದೆ. ನಮ್ಮ ಚರ್ಮಕ್ಕೂ ಬೆಳೆಗೂ ಇದು ಒಳಿತೇ. ಖಗೋಳಜ್ಞರಿಗೆ ಮಾತ್ರ ಕಾವಲೂರು, ಹಾನ್ಲೆಯಂಥ ಬೆಟ್ಟಗಳ ಮೇಲಿನ ದೂರದರ್ಶಕವೂ ಈ ವಿಷಯದಲ್ಲಿ ಕುರುಡೇ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಎಕ್ಸ್ ಕಿರಣಗಳ ಉಪಕರಣಗಳ ಜೊತೆಗೆ ಯುವಿಐಟಿ ಎಂಬ ಅತಿನೇರಳೆ ದೂರದರ್ಶಕವೂ ಇತ್ತು. ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ಸಮಭಾಜಕ ವೃತ್ತದ ಮೇಲೆಯೇ ಸುತ್ತುವಂತೆ ಅದನ್ನು ಇರಿಸಲಾಯಿತು. ಯುವಿಐಟಿಯ ಜೋಡಣೆಯ ನೇತೃತ್ವ ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯದು. ಕೆಲಸ ನಡೆದದ್ದು ಹೊಸಕೋಟೆಯಲ್ಲಿರುವ ಆ ಸಂಸ್ಥೆಯ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಬೆಳಕನ್ನು ಪತ್ತೆಹಚ್ಚುವ ಡಿಟೆಕ್ಟರ್‌ಗಳನ್ನು ಒದಗಿಸಿದ್ದು ಕೆನಡಾದ ಬಾಹ್ಯಾಕಾಶ ಸಂಸ್ಥೆ. ಉಪಗ್ರಹವು ಕಳುಹಿಸುವ ದತ್ತಾಂಶವೆಲ್ಲ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಸಂಗ್ರಹವಾಗುತ್ತದೆ.

ಅತಿನೇರಳೆ ಉಪಕರಣದ ಪರಮ ಶತ್ರು ಕೊಳಕು. ಕನ್ನಡಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಇಂಗಾಲಯುಕ್ತ ಆವಿ ಕೂತರೂ ಸಾಕು, ಸಣ್ಣ ತರಂಗಗಳ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಅದಕ್ಕಾಗಿ ಇದನ್ನು ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದ್ದಷ್ಟೇ ಅಲ್ಲ, ಉಡಾವಣೆಯಾದ ಮೇಲೂ ಸುಮಾರು ಎರಡು ತಿಂಗಳು ದೂರದರ್ಶಕದ ಮುಚ್ಚಳ ತೆರೆಯಲಿಲ್ಲ. ಉಪಗ್ರಹದ ಭಾಗಗಳಿಂದ ಹೊರಡುವ ಆವಿಯೆಲ್ಲ ನಿರ್ವಾತದಲ್ಲಿ ಕಳೆದುಹೋಗಲಿ ಎಂದು ಕಾಯಲಾಯಿತು.

ಯುವಿಐಟಿಯಲ್ಲಿರುವುದು ಅವಳಿ ದೂರದರ್ಶಕಗಳು, ಒಂದೊಂದರ ಕನ್ನಡಿಯ ವ್ಯಾಸ 37.5 ಸೆಂಟಿಮೀಟರ್. ಒಂದು 130ರಿಂದ 180 ನ್ಯಾನೋಮೀಟರ್ ವರೆಗಿನ ದೂರದ ಅತಿನೇರಳೆಯನ್ನು ನೋಡುತ್ತದೆ. ಇನ್ನೊಂದರಲ್ಲಿ ಬೆಳಕು ಎರಡಾಗಿ ಒಡೆದು, 200ರಿಂದ 300 ನ್ಯಾನೋಮೀಟರ್‌ನ ಸಮೀಪದ ಅತಿನೇರಳೆ ಒಂದು ಡಿಟೆಕ್ಟರ್‌ಗೂ, ಕಣ್ಣಿಗೆ ಕಾಣುವ ಬೆಳಕು ಮತ್ತೊಂದಕ್ಕೂ ಹೋಗುತ್ತದೆ. ಜಗತ್ತಿನ ದೊಡ್ಡ ದೂರದರ್ಶಕಗಳ ಮುಂದೆ ಈ ಕನ್ನಡಿಗಳು ಬಟ್ಟಲುಗಳಂತೆ ತೋರುತ್ತವೆ. ಆದರೂ ಇವು ಚಿತ್ರ ತೆಗೆಯುವ ರೀತಿಯಲ್ಲಿ ಒಂದು ಜಾಣ್ಮೆಯಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಮೊಬೈಲ್ ಫೋನಿನ ಕ್ಯಾಮೆರಾ ಒಂದಷ್ಟು ಹೊತ್ತು ಬೆಳಕನ್ನು ತುಂಬಿಸಿಕೊಂಡು ಒಟ್ಟು ಎಷ್ಟು ಬಂತೆಂದು ಅಳೆಯುತ್ತದೆ. ಯುವಿಐಟಿಯ ಅತಿನೇರಳೆ ಡಿಟೆಕ್ಟರ್ ಹಾಗಲ್ಲ, ಅದು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೊಂದಾಗಿ ಎಣಿಸುತ್ತದೆ. ಒಂದು ಫೋಟಾನು ಬಂದು ಬಡಿದಾಗ ಒಂದು ಇಲೆಕ್ಟ್ರಾನ್ ಚಿಮ್ಮುತ್ತದೆ. ಸೂಕ್ಷ್ಮ ರಂಧ್ರಗಳ ತಟ್ಟೆಯೊಂದರ ಮೂಲಕ ಹಾಯುವಾಗ ಅದು ಲಕ್ಷಗಟ್ಟಲೆ ಇಲೆಕ್ಟ್ರಾನುಗಳ ಮಳೆಯಾಗುತ್ತದೆ. ಆ ಮಳೆ ಹೊಳಪಿನ ಪರದೆಯೊಂದರ ಮೇಲೆ ಬಿದ್ದು ಪುಟ್ಟ ಮಿಂಚೊಂದನ್ನು ಹುಟ್ಟಿಸುತ್ತದೆ. ಆ ಮಿಂಚನ್ನು 512 ಸಾಲು, 512 ಕಂಬಗಳ ಪಿಕ್ಸೆಲ್ ಹಾಸು ಸೆರೆಹಿಡಿಯುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 29 ಚಿತ್ರಗಳು. ಒಂದೊಂದು ಚಿತ್ರವೂ ಹೆಚ್ಚುಕಡಿಮೆ ಕತ್ತಲೆಯೇ, ಅಲ್ಲಲ್ಲಿ ಒಂದೊಂದು ಚುಕ್ಕೆ ಬಿಟ್ಟರೆ.

ಜಾಣ್ಮೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಪಂಚಾಂಗ ನೋಡುವವರಿಗೆ ಪರಿಚಿತವಾದ ಅಳತೆಯಲ್ಲಿ ಹೇಳುವುದಾದರೆ, ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಸುಮಾರು ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ನಾಲ್ಕು ಕಿಲೋಮೀಟರ್ ಆಚೆ ಹಿಡಿದರೆ ಅದು ಒಂದು ವಿಕಲೆಯಷ್ಟು ಕಾಣುತ್ತದೆ. ಈ ಡಿಟೆಕ್ಟರಿನ ಒಂದು ಪಿಕ್ಸೆಲ್ ಆಕಾಶದಲ್ಲಿ 3.3 ವಿಕಲೆಯಷ್ಟು ಅಗಲವಾದದ್ದು, ಆದರೆ ಯುವಿಐಟಿಯ ಅಂತಿಮ ಚಿತ್ರದಲ್ಲಿ 1.5 ವಿಕಲೆಗಿಂತ ಹತ್ತಿರವಿರುವ ಚುಕ್ಕೆಗಳೂ ಬೇರ್ಪಡುತ್ತವೆ. ಪಿಕ್ಸೆಲ್‌ಗಿಂತ ಚಿಕ್ಕ ವಿವರ ಹೇಗೆ ಸಿಕ್ಕೀತು? ಧೂಳು ತುಂಬಿದ ಅಂಗಳದಲ್ಲಿ ಮೊದಲ ಮಳೆಯ ಹನಿ ಬಿದ್ದಾಗ ಅದು ಬಿದ್ದ ಬಿಂದುವಿಗಿಂತ ಎಷ್ಟೋ ದೊಡ್ಡ ಗುರುತನ್ನು ಮೂಡಿಸುತ್ತದೆ. ಆದರೂ ಗುರುತಿನ ನಟ್ಟನಡುವನ್ನು ಕಂಡುಹಿಡಿದರೆ ಹನಿ ಬಿದ್ದ ಜಾಗ ಸಾಕಷ್ಟು ನಿಖರವಾಗಿ ಸಿಗುತ್ತದೆ. ಇಲ್ಲಿಯೂ ಒಂದು ಫೋಟಾನಿನ ಮಿಂಚು ಅಕ್ಕಪಕ್ಕದ ಹಲವು ಪಿಕ್ಸೆಲ್‌ಗಳಿಗೆ ಹರಡುತ್ತದೆ. ಯಾವ ಪಿಕ್ಸೆಲ್‌ನಲ್ಲಿ ಎಷ್ಟು ಬೆಳಕಿದೆಯೆಂದು ತೂಗಿ ನೋಡಿ ಅದರ ಕೇಂದ್ರವನ್ನು ಪಿಕ್ಸೆಲ್‌ನ ಸಣ್ಣ ಭಾಗದಷ್ಟು ನಿಖರವಾಗಿ ಲೆಕ್ಕ ಹಾಕಲಾಗುತ್ತದೆ. ಹೀಗೆ ದೊರೆತ ಲಕ್ಷಾಂತರ ಕೇಂದ್ರಗಳನ್ನು ಒಂದರ ಮೇಲೊಂದು ಇಟ್ಟಾಗ ಚಿತ್ರ ಮೂಡುತ್ತದೆ.

ಉಪಗ್ರಹವೇನೂ ಕದಲದೆ ನಿಲ್ಲುವುದಿಲ್ಲ, ನೋಡುತ್ತಿರುವ ದಿಕ್ಕಿನಿಂದ ಅದು ನಿಧಾನವಾಗಿ ಅತ್ತಿತ್ತ ಜಾರುತ್ತಿರುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಆ ಮೂರನೆಯ ವಾಹಿನಿಯ ಉಪಯೋಗ ಇಲ್ಲಿದೆ. ಅದು ಹತ್ತಿರದ ಪ್ರಕಾಶಮಾನ ನಕ್ಷತ್ರಗಳ ಚಿತ್ರವನ್ನು ಒಂದೇ ಸಮನೆ ತೆಗೆಯುತ್ತಾ ಯಾವ ಕ್ಷಣದಲ್ಲಿ ದೂರದರ್ಶಕ ಎಷ್ಟು ಸರಿದಿತ್ತು ಎಂಬುದರ ದಾಖಲೆ ಇಡುತ್ತದೆ. ನೆಲಕ್ಕೆ ಬಂದ ಮೇಲೆ ಪ್ರತಿಯೊಂದು ಫೋಟಾನನ್ನೂ ಆ ದಾಖಲೆಯ ಪ್ರಕಾರ ಹಿಂದಕ್ಕೆ ಸರಿಸಿ ಅದರ ನಿಜವಾದ ಸ್ಥಾನದಲ್ಲಿ ಕೂರಿಸಲಾಗುತ್ತದೆ. ಯುವಿಐಟಿಗೆ ಮೊದಲು ಆಕಾಶದ ಬಹುಭಾಗವನ್ನು ಅತಿನೇರಳೆಯಲ್ಲಿ ಶೋಧಿಸಿದ್ದ ಅಮೆರಿಕದ ಗ್ಯಾಲೆಕ್ಸ್ ದೂರದರ್ಶಕದ ಚಿತ್ರಗಳಲ್ಲಿ ಬೇರ್ಪಡಿಕೆಯ ಮಿತಿ ನಾಲ್ಕೈದು ವಿಕಲೆಗಳಷ್ಟಿತ್ತು. ಡಬ್ಲ್ಯುಎಲ್‌ಎಂ ಇರುವ ದೂರದಲ್ಲಿ ಒಂದು ವಿಕಲೆ ಎಂದರೆ ಸುಮಾರು 16 ಜ್ಯೋತಿರ್ವರ್ಷ. ಗ್ಯಾಲೆಕ್ಸ್ ಕಣ್ಣಿಗೆ ಎಪ್ಪತ್ತು ಎಂಬತ್ತು ಜ್ಯೋತಿರ್ವರ್ಷ ಅಗಲದ ಒಂದೇ ಬೆಳಕಿನ ಮುದ್ದೆಯಾಗಿ ಕಂಡದ್ದು ಯುವಿಐಟಿಯಲ್ಲಿ ಹಲವು ಬಿಡಿ ಗುಂಪುಗಳಾಗಿ ಒಡೆದು ಕಾಣಿಸುವುದು ಇದರಿಂದಲೇ. ಮೇಲಾಗಿ ಯುವಿಐಟಿಯ ನೋಟದ ಅಗಲ 28 ಕಲೆ, ಹುಣ್ಣಿಮೆಯ ಚಂದ್ರನಿಗಿಂತ ತುಸುವೇ ಕಡಿಮೆ. ಸುಮಾರು 11 ಕಲೆ ಉದ್ದದ ಡಬ್ಲ್ಯುಎಲ್‌ಎಂ ಒಂದೇ ನೋಟದಲ್ಲಿ ಪೂರ್ತಿಯಾಗಿ ಹಿಡಿಸುತ್ತದೆ.

ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಚಯನ್ ಮಂಡಲ್ ಮತ್ತು ಅನ್ನಪೂರ್ಣಿ ಸುಬ್ರಮಣ್ಯಂ ಅವರಿದ್ದ ತಂಡವು ಡಬ್ಲ್ಯುಎಲ್‌ಎಂ ಅನ್ನು ಯುವಿಐಟಿಯ ಮೂರು ಸೋಸುಗಗಳಲ್ಲಿ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಸೋಸುಗವೆಂದರೆ ಒಂದು ಕಿರಿದಾದ ತರಂಗಾಂತರದ ಪಟ್ಟಿಯನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್. ಇಲ್ಲಿ ಬಳಸಿದವುಗಳ ಕೇಂದ್ರ 148, 245 ಮತ್ತು 263 ನ್ಯಾನೋಮೀಟರ್‌ಗಳ ಬಳಿಯಿತ್ತು. ಸಮೀಪದ ಅತಿನೇರಳೆಯ ವಾಹಿನಿ 2018ರಲ್ಲಿ ಕೆಲಸ ನಿಲ್ಲಿಸಿತು ಎಂಬುದನ್ನು ನೆನೆದರೆ, ಈ ಮೂರು ಚಿತ್ರಗಳು ಸರಿಯಾದ ಹೊತ್ತಿಗೆ ಸಿಕ್ಕವು ಎನ್ನಬೇಕು.

ಮೂರು ಸೋಸುಗಗಳು ಬೇಕಾದದ್ದು ಬಿಸಿಯನ್ನು ಅಳೆಯಲು. ಒಂದೇ ಸೋಸುಗದಲ್ಲಿ ಪ್ರಖರವಾಗಿ ಕಂಡ ಚುಕ್ಕೆ ನಿಜಕ್ಕೂ ಬಿಸಿಯಾದದ್ದೋ, ಅಥವಾ ಸಾಧಾರಣ ಬಿಸಿಯ ಹಲವು ನಕ್ಷತ್ರಗಳ ಗುಂಪೋ ಎಂದು ಹೇಳಲಾಗುವುದಿಲ್ಲ. ಎರಡು ಸೋಸುಗಗಳ ಪ್ರಕಾಶವನ್ನು ಒಂದಕ್ಕೊಂದು ಹೋಲಿಸಿದಾಗ, ಚಿಕ್ಕ ತರಂಗಾಂತರದ ಕಡೆಗೆ ತಕ್ಕಡಿ ಎಷ್ಟು ವಾಲಿದೆಯೆಂಬುದು ಬಿಸಿಯನ್ನು ಸೂಚಿಸುತ್ತದೆ. ನಡುವೆ ಧೂಳಿದ್ದರೆ ಈ ಲೆಕ್ಕ ಕೆಡುತ್ತದೆ, ಏಕೆಂದರೆ ಧೂಳು ಚಿಕ್ಕ ತರಂಗಗಳನ್ನೇ ಹೆಚ್ಚಾಗಿ ನುಂಗಿ ಬಿಸಿ ನಕ್ಷತ್ರವನ್ನು ತಣ್ಣಗಿನದೆಂದು ತೋರಿಸುತ್ತದೆ. ಡಬ್ಲ್ಯುಎಲ್‌ಎಂ ಕ್ಷೀರಪಥದ ಪಟ್ಟಿಯಿಂದ ಬಹುದೂರದ ದಿಕ್ಕಿನಲ್ಲಿ ಇರುವುದರಿಂದ ನಮ್ಮ ಕಡೆಯ ಧೂಳು ಅಲ್ಪ. ಲೋಹಬಡವಾದ್ದರಿಂದ ಅದರೊಳಗಿನ ಧೂಳೂ ಅಲ್ಪ. ಬಡತನವು ವೀಕ್ಷಕನಿಗೆ ಹೀಗೂ ಒದಗಿಬರುತ್ತದೆ.

ಹೀಗೆ ತಯಾರಾದ ಬಿಸಿಯ ನಕ್ಷೆಯಲ್ಲಿ 17,500 ಕೆಲ್ವಿನ್‌ಗಿಂತ ಹೆಚ್ಚು ಬಿಸಿಯ ಹಲವು ತಾಣಗಳು ಎದ್ದು ಕಂಡವು. ಇವು ಒ ಮತ್ತು ಬಿ ವರ್ಗದ ಎಳೆಯ, ಭಾರೀ ನಕ್ಷತ್ರಗಳ ಕೂಟಗಳಾಗಿರಬೇಕು. ಆ ತಾಣಗಳು ಬೇರೆ ಸಾಕ್ಷ್ಯಗಳಿಗೂ ಹೊಂದಿದವು: ಬಿಸಿ ನಕ್ಷತ್ರಗಳ ಸುತ್ತ ಜಲಜನಕ ಕೆಂಪಗೆ ಹೊಳೆಯುವ ಕಡೆಗಳಲ್ಲೇ ಅವು ಇದ್ದವು, ಹಬಲ್ ದೂರದರ್ಶಕ ಹಿಂದೆ ಗುರುತಿಸಿದ್ದ ಬಿಸಿ ನಕ್ಷತ್ರಗಳ ಜಾಗಗಳೊಡನೆಯೂ ಅವು ಕೂಡಿಬಂದವು. ಅತಿನೇರಳೆಯ ಬೆಳಕು ಗೆಲಾಕ್ಸಿಯ ಕೇಂದ್ರದಿಂದ ಕನಿಷ್ಠ 1.7 ಕಿಲೋಪಾರ್ಸೆಕ್, ಅಂದರೆ ಸುಮಾರು 5,500 ಜ್ಯೋತಿರ್ವರ್ಷ ದೂರದವರೆಗೆ ಹಬ್ಬಿದೆ, ಮತ್ತು ಸಮೀಪದ ಅತಿನೇರಳೆ ದೂರದ ಅತಿನೇರಳೆಗಿಂತ ಹೆಚ್ಚು ದೂರ ಹರಡಿದೆ.

ನೈಋತ್ಯ ಭಾಗದ ಚಿತ್ರ ಎಲ್ಲಕ್ಕಿಂತ ಕುತೂಹಲಕರವಾದದ್ದು. ಅಲ್ಲಿ ಬಿಸಿ ತಾಣಗಳು ದಟ್ಟವಾಗಿವೆ, ಹೊಳೆಯುವ ಜಲಜನಕವೂ ಹೇರಳವಾಗಿದೆ, ಆದರೆ ನಕ್ಷತ್ರಗಳಾಗಬೇಕಾದ ತಣ್ಣನೆಯ ಜಲಜನಕ ಅನಿಲ ಮಾತ್ರ ತೆಳುವಾಗಿದೆ. ಮೊದಲ ನೋಟಕ್ಕೆ ಇದು ವಿರೋಧಾಭಾಸ. ಮಕ್ಕಳು ತುಂಬಿದ ಮನೆಯಲ್ಲಿ ಅಕ್ಕಿಯ ಡಬ್ಬಿ ಖಾಲಿಯಾಗಿರುವುದಕ್ಕೆ ಮಕ್ಕಳೇ ಕಾರಣವಿರಬಹುದಲ್ಲವೇ? ಇತ್ತೀಚೆಗೆ ಬಿರುಸಾಗಿ ನಡೆದ ನಕ್ಷತ್ರಜನನವು ಒಂದಷ್ಟು ಅನಿಲವನ್ನು ಬಳಸಿಕೊಂಡಿರುತ್ತದೆ, ಹುಟ್ಟಿದ ಭಾರೀ ನಕ್ಷತ್ರಗಳ ಕಿರಣಗಳೂ ಗಾಳಿಯೂ ಉಳಿದುದನ್ನು ಕಾಯಿಸಿ, ಒಡೆದು, ಅತ್ತ ತಳ್ಳಿರುತ್ತವೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಅಲ್ಲಿಂದ ಬೆಳಕು ಹೊರಟು ಮೂವತ್ತು ಲಕ್ಷ ವರ್ಷಗಳಿಗೂ ಹೆಚ್ಚಾಗಿದೆ. ಅತಿ ಬಿಸಿಯ ನಕ್ಷತ್ರಗಳ ಇಡೀ ಆಯುಷ್ಯವೇ ಕೆಲವು ದಶಲಕ್ಷ ವರ್ಷಗಳಾದ ಕಾರಣ, ಈ ಚಿತ್ರದಲ್ಲಿ ಎಳೆಯವೆಂದು ಎಣಿಸಿದ ಕೆಲವು ಈಗಾಗಲೇ ಸ್ಫೋಟಿಸಿ ಹೋಗಿರಲೂಬಹುದು.

ಬಿಸಿ ತಾಣಗಳ ಗಾತ್ರವನ್ನು ಅಳೆದಾಗ ಅವು ಸುಮಾರು 4ರಿಂದ 50 ಪಾರ್ಸೆಕ್ ವರೆಗೆ ಇದ್ದವು, ಹೆಚ್ಚಿನವು 10 ಪಾರ್ಸೆಕ್‌ಗಿಂತ ಚಿಕ್ಕವು. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ದೊಡ್ಡ ಗುಂಪಿನೊಳಗೆ ಚಿಕ್ಕ ಗುಂಪು, ಅದರೊಳಗೆ ಮತ್ತೂ ಚಿಕ್ಕದು ಎಂಬಂತೆ ಅವುಗಳ ರಚನೆಯಿತ್ತು. ದ್ರವ್ಯರಾಶಿಯೂ ಅಲ್ಪವೇ, ಬಹಳಷ್ಟು ಗುಂಪುಗಳು ಸಾವಿರ ಸೂರ್ಯರಿಗಿಂತ ಹಗುರ. ಡಬ್ಲ್ಯುಎಲ್‌ಎಂನಲ್ಲಿ ನಕ್ಷತ್ರಗಳು ಹೀಗೆ ಸಣ್ಣ ಸಣ್ಣ ಗೊಂಚಲುಗಳಲ್ಲಿಯೇ ಏಕೆ ಹುಟ್ಟುತ್ತವೆ ಎಂಬುದಕ್ಕೆ ಸುಳಿವು ಮತ್ತೊಂದು ಬಗೆಯ ವೀಕ್ಷಣೆಯಿಂದ ಮೊದಲೇ ಸಿಕ್ಕಿತ್ತು.

ನಕ್ಷತ್ರಗಳು ಹುಟ್ಟುವುದು ಅಣುರೂಪದ ಜಲಜನಕದ ತಣ್ಣನೆಯ ಮೋಡಗಳಲ್ಲಿ. ಆದರೆ ಆ ತಂಪಿನಲ್ಲಿ ಜಲಜನಕದ ಅಣು ಯಾವ ವಿಕಿರಣವನ್ನೂ ಸೂಸದೆ ಮೌನವಾಗಿರುತ್ತದೆ. ಆದುದರಿಂದ ಅದರ ಜೊತೆಗೆ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್ ಸೂಸುವ ರೇಡಿಯೋ ಅಲೆಗಳನ್ನು ಹಿಡಿದು ಮೋಡ ಇರುವ ಜಾಗವನ್ನು ಊಹಿಸುವುದು ವಾಡಿಕೆ. ಲೋಹಬಡ ಗೆಲಾಕ್ಸಿಯಲ್ಲಿ ಈ ಉಪಾಯ ಕೈಕೊಡುತ್ತದೆ. ಕಾರ್ಬನ್ನೂ ಆಮ್ಲಜನಕವೂ ಕಡಿಮೆ ಎಂಬುದು ಒಂದು ಕಾರಣವಾದರೆ, ಆ ಅಣುವಿಗೆ ನೆರಳಾಗಬೇಕಾದ ಧೂಳು ಕಡಿಮೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಎಳೆಯ ನಕ್ಷತ್ರಗಳ ಅತಿನೇರಳೆ ಕಿರಣಗಳು ಮೋಡದೊಳಕ್ಕೆ ನುಗ್ಗಿ ಆ ಅಣುಗಳನ್ನು ಒಡೆದುಹಾಕುತ್ತವೆ. ಮೋಡದ ಅತಿ ದಟ್ಟವಾದ ತಿರುಳಿನಲ್ಲಿ ಮಾತ್ರ ಅವು ಉಳಿದುಕೊಳ್ಳುತ್ತವೆ. 2013ರಲ್ಲಿ ಡಬ್ಲ್ಯುಎಲ್‌ಎಂನಲ್ಲಿ ಕಾರ್ಬನ್ ಮಾನಾಕ್ಸೈಡ್ ಮೊದಲು ಪತ್ತೆಯಾಯಿತು. 2015ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯ ಆಲ್ಮಾ ರೇಡಿಯೋ ದೂರದರ್ಶಕಗಳು ಅಂಥ ಹತ್ತು ತಿರುಳುಗಳನ್ನು ಬಿಡಿಬಿಡಿಯಾಗಿ ಕಂಡವು. ಅವುಗಳ ಸರಾಸರಿ ತ್ರಿಜ್ಯ ಬರಿಯ ಎರಡು ಪಾರ್ಸೆಕ್. ಯುವಿಐಟಿ ಕಂಡ ಹಗುರವಾದ ಪುಟ್ಟ ಗೊಂಚಲುಗಳು ಈ ತಿರುಳುಗಳ ಗಾತ್ರಕ್ಕೂ ದ್ರವ್ಯರಾಶಿಗೂ ಹೊಂದುತ್ತವೆ. ತೊಟ್ಟಿಲೂ ಮಗುವೂ ಬೇರೆ ಬೇರೆ ಬೆಳಕಿನಲ್ಲಿ ಕಂಡು, ಅಳತೆ ಹೊಂದಿದಂತಾಯಿತು.

ಒಟ್ಟು ಗೆಲಾಕ್ಸಿಯಲ್ಲಿ ವರ್ಷಕ್ಕೆ ಸುಮಾರು 0.008 ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಿ ಮಾರ್ಪಡುತ್ತಿದೆ ಎಂದು ಯುವಿಐಟಿ ತಂಡ ಲೆಕ್ಕ ಹಾಕಿತು. ಬೇರೆ ಮಾತಿನಲ್ಲಿ, ಒಬ್ಬ ಸೂರ್ಯನಿಗೆ ಸಾಕಾಗುವಷ್ಟು ದ್ರವ್ಯಕ್ಕೆ 125 ವರ್ಷ ಬೇಕು. ಕ್ಷೀರಪಥದಲ್ಲಿ ಇದೇ ಕೆಲಸಕ್ಕೆ ಒಂದು ವರ್ಷವೂ ಬೇಕಾಗುವುದಿಲ್ಲ.

ಇದು ಇಂದಿನ ಕಥೆ. ಅತಿನೇರಳೆಗೆ ನೆನಪು ಗಿಡ್ಡ, ಇಪ್ಪತ್ತು ಮೂವತ್ತು ಕೋಟಿ ವರ್ಷಗಳಾಚೆಗೆ ಅದು ಏನನ್ನೂ ಹೇಳಲಾರದು. ಗೆಲಾಕ್ಸಿಯ ಬಾಲ್ಯದ ಕಥೆಯನ್ನು ಹೇಳಬಲ್ಲವು ಆಗ ಹುಟ್ಟಿ ಇನ್ನೂ ಸಾಯದೆ ಉಳಿದಿರುವ ಚಿಕ್ಕ ನಕ್ಷತ್ರಗಳು ಮಾತ್ರ. ಅವು ಎಷ್ಟು ಮಂದವೆಂದರೆ, ನಮ್ಮ ಸೂರ್ಯನನ್ನೇ ಒಯ್ದು ಡಬ್ಲ್ಯುಎಲ್‌ಎಂನಲ್ಲಿ ಇಟ್ಟರೆ, ಬರಿಗಣ್ಣಿಗೆ ಕಾಣುವ ಅತ್ಯಂತ ಮಂದ ನಕ್ಷತ್ರಕ್ಕಿಂತಲೂ ಅದು ಸುಮಾರು ಮುನ್ನೂರು ಕೋಟಿ ಪಟ್ಟು ಮಂದವಾಗಿರುತ್ತದೆ. 2021ರ ಡಿಸೆಂಬರ್ 25ರಂದು ಹಾರಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ ಹೋಗಿ ನಿಂತ ಜೇಮ್ಸ್ ವೆಬ್ ದೂರದರ್ಶಕಕ್ಕೆ ಈ ಕೆಲಸ ಸಾಧ್ಯವಾಯಿತು. ಅದರ ಕನ್ನಡಿ 6.5 ಮೀಟರ್ ಅಗಲದ್ದು, ಮತ್ತು ತಣ್ಣನೆಯ ನಕ್ಷತ್ರಗಳು ಹೇರಳವಾಗಿ ಸೂಸುವ ಸಮೀಪದ ಅವಕೆಂಪಿನಲ್ಲಿ ಅದರ ನೋಟ ಹರಿತವಾದದ್ದು. ವೆಬ್ ಕೆಲಸ ಆರಂಭಿಸಿದ ಮೊದಲ ತಿಂಗಳುಗಳಲ್ಲೇ ಡಬ್ಲ್ಯುಎಲ್‌ಎಂ ಅದರ ಗುರಿಗಳಲ್ಲಿ ಒಂದಾಗಿತ್ತು, 2022ರ ನವೆಂಬರ್‌ನಲ್ಲಿ ಚಿತ್ರ ಬಿಡುಗಡೆಯಾಯಿತು. ಅದರ ಕ್ಯಾಮೆರಾದ ಒಂದೊಂದು ಭಾಗದ ನೋಟ ಕೇವಲ 2.2 ಕಲೆ ಅಗಲದ್ದಾದ ಕಾರಣ ಗೆಲಾಕ್ಸಿಯ ಒಂದು ತುಂಡು ಮಾತ್ರ ಅದರಲ್ಲಿದೆ. ಹಿಂದೆ ಸ್ಪಿಟ್ಜರ್ ದೂರದರ್ಶಕದ 85 ಸೆಂಟಿಮೀಟರ್ ಕನ್ನಡಿಗೆ ಮಬ್ಬು ಮಬ್ಬಾಗಿ ಕಂಡ ಅದೇ ಜಾಗ ಇಲ್ಲಿ ರವೆ ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ, ಸಂದುಗಳಲ್ಲಿ ಎಷ್ಟೋ ದೂರದ ಹಿನ್ನೆಲೆಯ ಗೆಲಾಕ್ಸಿಗಳೂ ಇಣುಕುತ್ತವೆ. ಚಿತ್ರದ ಬಣ್ಣಗಳು ನಿಜವಾದವೇ ಎಂದು ಕೇಳುವವರಿದ್ದಾರೆ. ಕಣ್ಣಿಗೆ ಕಾಣದ ಬೆಳಕಿಗೆ ಕಣ್ಣಿನ ಬಣ್ಣವಿರುವುದಿಲ್ಲ, ಚಿಕ್ಕ ತರಂಗಕ್ಕೆ ನೀಲಿಯನ್ನೂ ಉದ್ದದ್ದಕ್ಕೆ ಕೆಂಪನ್ನೂ ಕೊಟ್ಟು ಕ್ರಮವನ್ನು ಮಾತ್ರ ಕಾಪಾಡಲಾಗುತ್ತದೆ.

ಕಾಳುಗಳಿಂದ ಇತಿಹಾಸವನ್ನು ಓದುವ ಬಗೆ ಹೀಗಿದೆ. ಪ್ರತಿಯೊಂದು ನಕ್ಷತ್ರದ ಬಣ್ಣವನ್ನು ಅಡ್ಡಕ್ಕೂ ಪ್ರಕಾಶವನ್ನು ಉದ್ದಕ್ಕೂ ಗುರುತಿಸಿ ನಕ್ಷೆ ಬರೆದರೆ, ಅವು ಚೆಲ್ಲಾಪಿಲ್ಲಿಯಾಗದೆ ಕೆಲವು ಹಾದಿಗಳಲ್ಲಿ ಸಾಲುಗಟ್ಟುತ್ತವೆ. ಒಟ್ಟಿಗೆ ಹುಟ್ಟಿದ ನಕ್ಷತ್ರಗಳಲ್ಲಿ ಭಾರವಾದವು ಮೊದಲು ಮುಖ್ಯ ಸಾಲನ್ನು ಬಿಟ್ಟು ಪಕ್ಕಕ್ಕೆ ತಿರುಗುತ್ತವೆ. ಕಾಲ ಕಳೆದಂತೆ ಆ ತಿರುವು ಮಂದ ನಕ್ಷತ್ರಗಳ ಕಡೆಗೆ ಇಳಿಯುತ್ತಾ ಹೋಗುತ್ತದೆ. ತಿರುವು ಎಲ್ಲಿದೆಯೆಂದು ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಗೆಲಾಕ್ಸಿಯಲ್ಲಿ ಎಲ್ಲ ವಯಸ್ಸಿನವೂ ಬೆರೆತಿರುವುದರಿಂದ, ಯಾವ ಕಾಲದಲ್ಲಿ ಎಷ್ಟು ಹುಟ್ಟಿದ್ದರೆ ನಾವು ಕಂಡ ಈ ನಕ್ಷೆಯೇ ಬರುತ್ತಿತ್ತು ಎಂದು ಗಣಕದಲ್ಲಿ ಬಗೆಬಗೆಯ ಮಿಶ್ರಣಗಳನ್ನು ಮಾಡಿ ಹೊಂದಿಸಿ ನೋಡಬೇಕಾಗುತ್ತದೆ. ಅತಿ ಹಳೆಯ ತಿರುವು ಕಾಣುವಷ್ಟು ಆಳಕ್ಕೆ ನೋಟ ಇಳಿಯದಿದ್ದರೆ ಬಾಲ್ಯದ ಪುಟಗಳು ಬರಿಯ ಊಹೆಯಾಗುತ್ತವೆ.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ರಿಸ್ಟನ್ ಮೆಕ್ವಿನ್ ಅವರ ತಂಡ ವೆಬ್ ಚಿತ್ರದಿಂದ ಹೀಗೆ ಬಿಡಿಸಿದ ಕಥೆ 2024ರಲ್ಲಿ ಪ್ರಕಟವಾಯಿತು. ಡಬ್ಲ್ಯುಎಲ್‌ಎಂ ವಿಶ್ವದ ಆರಂಭಕಾಲದಲ್ಲೇ ನಕ್ಷತ್ರಗಳನ್ನು ಹುಟ್ಟಿಸತೊಡಗಿ ಸುಮಾರು 300 ಕೋಟಿ ವರ್ಷ ಅದನ್ನು ಮುಂದುವರಿಸಿತು. ಆಮೇಲೆ ಕೆಲವು ನೂರು ಕೋಟಿ ವರ್ಷಗಳ ಕಾಲ ಕೆಲಸ ಹೆಚ್ಚುಕಡಿಮೆ ನಿಂತಿತು, ಬಳಿಕ ಮತ್ತೆ ಶುರುವಾಯಿತು. ಈ ಬಿಡುವಿಗೆ ಅವರು ಕೊಡುವ ಕಾರಣ ಹೊರಗಿನದು. ಆಗಿನ ವಿಶ್ವದಲ್ಲಿ ಮೊದಲ ತಲೆಮಾರುಗಳ ನಕ್ಷತ್ರಗಳೂ ಗೆಲಾಕ್ಸಿಗಳೂ ಸೂಸಿದ ವಿಕಿರಣದಿಂದ ಎಲ್ಲೆಡೆಯ ಅನಿಲ ಕಾದಿತ್ತು. ದೊಡ್ಡ ಗೆಲಾಕ್ಸಿಯ ಗುರುತ್ವಕ್ಕೆ ಕಾದ ಅನಿಲವನ್ನೂ ಹಿಡಿದು ಅಮುಕುವ ಶಕ್ತಿಯಿರುತ್ತದೆ. ಕುಬ್ಜಕ್ಕೆ ಆ ಶಕ್ತಿ ಇಲ್ಲ, ಅನಿಲ ತಣಿಯುವ ತನಕ ಅದು ಕಾಯಲೇಬೇಕು. ನೆರೆಯವರ ಕಾಟ ಇಲ್ಲದ ಒಂಟಿ ಗೆಲಾಕ್ಸಿಯಾದ್ದರಿಂದಲೇ ಈ ಬಿಡುವನ್ನು ವಿಶ್ವದ ಹವಾಮಾನದ ಲೆಕ್ಕಕ್ಕೆ ಬರೆಯುವ ಧೈರ್ಯ ಬರುತ್ತದೆ. ಕ್ಷೀರಪಥದ ಪಕ್ಕದ ಕುಬ್ಜವೊಂದರಲ್ಲಿ ಇದೇ ಬಿಡುವು ಕಂಡಿದ್ದರೆ, ಮೊದಲ ಅನುಮಾನ ಕ್ಷೀರಪಥದ ಮೇಲೆಯೇ ಬೀಳುತ್ತಿತ್ತು.

ಏಕಾಂತವೂ ಪೂರ್ತಿಯಾದದ್ದಲ್ಲ ಎಂಬ ಸೂಚನೆ ದಕ್ಷಿಣ ಆಫ್ರಿಕಾದ 64 ತಟ್ಟೆಗಳ ಮೀರ್‌ಕ್ಯಾಟ್ ರೇಡಿಯೋ ದೂರದರ್ಶಕದಿಂದ 2022ರಲ್ಲಿ ಬಂತು. ಡಬ್ಲ್ಯುಎಲ್‌ಎಂ ಸಾಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ, ಅದರ ಹಿಂದೆ, ಜಲಜನಕದ ತುಣುಕು ಮೋಡಗಳು ಕಂಡುಬಂದವು. ಬೈಕಿನ ಸವಾರನ ಶಾಲು ಹಿಂದಕ್ಕೆ ಹಾರುವುದು ಎದುರು ಗಾಳಿಯಿಂದಲ್ಲ, ನಿಂತ ಗಾಳಿಯಲ್ಲಿ ಆತನೇ ಮುಂದೆ ಹೋಗುತ್ತಿರುವುದರಿಂದ. ಗೆಲಾಕ್ಸಿಗಳ ನಡುವಿನ ಬಯಲಿನಲ್ಲಿರುವ ಅತಿ ವಿರಳವಾದ ಅನಿಲದ ಮೂಲಕ ಹಾಯುವಾಗ ಈ ಗೆಲಾಕ್ಸಿಯ ಅಂಚಿನ ಅನಿಲವೂ ಹಾಗೆ ಸ್ವಲ್ಪ ಸ್ವಲ್ಪವಾಗಿ ಕಿತ್ತುಹೋಗುತ್ತಿದೆ ಎಂಬುದು ಆ ವೀಕ್ಷಕರ ವಿವರಣೆ.

ಡಬ್ಲ್ಯುಎಲ್‌ಎಂ ಬಳಿ ಈಗ ಸುಮಾರು ಏಳು ಕೋಟಿ ಸೂರ್ಯರಷ್ಟು ಜಲಜನಕವಿದೆ, ಅಂದರೆ ನಕ್ಷತ್ರಗಳಾಗಿ ಮಾರ್ಪಟ್ಟಿರುವುದಕ್ಕಿಂತ ಆಗಬೇಕಾದದ್ದೇ ಹೆಚ್ಚು. ಯುವಿಐಟಿ ಅಳೆದ ವೇಗದಲ್ಲಿಯೇ ಖರ್ಚು ಮಾಡುತ್ತಾ ಹೋದರೆ ಅದು ಇನ್ನೂ ಎಂಟುನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬಾಳಿಕೆ ಬರುತ್ತದೆ. ನಮ್ಮ ಸೂರ್ಯನ ಇಂಧನ ಅದಕ್ಕೆ ಬಹಳ ಮೊದಲೇ ಮುಗಿದಿರುತ್ತದೆ. ಹಿಂದಕ್ಕೆ ಹಾರುತ್ತಿರುವ ಆ ಶಾಲಿನ ಜೊತೆ ಎಷ್ಟು ಅನಿಲ ಹೊರಟುಹೋಗುತ್ತದೆ ಎಂಬುದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಿಲ್ಲ.